ಡಿಕ್ಕಿಯ ಒಳಮೈ

ಹೊಟ್ಟೆಕಿಚ್ಚು ದೊಡ್ಡವರಿಗೆ ದೊಡ್ಡ ವಿಷಯಗಳಲ್ಲಿ ಮಾತ್ರ ಹುಟ್ಟುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರು ಭಾವನನ್ನು ನೋಡಿಲ್ಲ ಎಂದೇ ಅರ್ಥ. ಭಾವನ ಹೊಟ್ಟೆಗೆ ಬೆಂಕಿ ಬೀಳುವುದಕ್ಕೆ ಒಂದು ಬಾಚಣಿಗೆ ಸಾಕಾಗಿತ್ತು. ಬೆಳಿಗ್ಗೆ ಶೆಡ್ಡಿನ ಮುಂದೆ ಹಾದುಹೋಗುವವರಲ್ಲಿ ಒಬ್ಬನಾದರೂ ನಿಂತು, ಬಾಮೈದ ಬಣ್ಣ ಹೊಡೆದು ನಿಲ್ಲಿಸಿದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿ, "ಏನ್ ಕೈಯಪ್ಪಾ ನಿಂದು! ಕನ್ನಡಿ, ಕನ್ನಡಿ!" ಎಂದು ಹೊಗಳಿ ಹೋಗುತ್ತಿದ್ದ. ಪಕ್ಕದಲ್ಲೇ ಕೂತು ಸೀಟು ಹೊಲಿಯುತ್ತಿದ್ದ ಭಾವ ಹಲ್ಲು ಕಡಿಯುತ್ತಿದ್ದ. ತಾನು ಹೊಲಿದ ಸೀಟನ್ನು ಜನ ಏನು ಮಾಡುತ್ತಾರೆ? ಅದರ ಮೇಲೆ ಕೂರುತ್ತಾರೆ. ಕೂತ ಮೇಲೆ ಸೀಟು ಯಾರಿಗೆ ಕಾಣುತ್ತದೆ?

ಆತ ಬೀದಿಗೆಲ್ಲ ಭಾವನೇ. ಹೆಂಡತಿಯ ತಮ್ಮ ದಿನಕ್ಕೆ ನೂರು ಸಲ "ಭಾವ, ಭಾವ" ಎಂದು ಕರೆಯುವುದನ್ನು ಕೇಳಿ ಕೇಳಿ, ಚಹಾದ ಅಂಗಡಿಯವನಿಂದ ಹಿಡಿದು ಗಾಡಿ ತರುವ ಗಿರಾಕಿಗಳವರೆಗೆ ಎಲ್ಲರೂ ಹಾಗೇ ಕರೆಯತೊಡಗಿದ್ದರು. ಶೆಡ್ಡು ಒಂದೇ. ನಡುವೆ ಮೇಲಿನಿಂದ ನೆಲದವರೆಗೆ ಇಳಿಬಿಟ್ಟ ದಪ್ಪ ಪ್ಲಾಸ್ಟಿಕ್ ಪರದೆ. ಪರದೆಯ ಈಚೆ ಭಾವನ ಕುಶನ್ ಕೆಲಸ: ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು. ಒಂದು ಮಿಷನ್ನಿನಲ್ಲಿ ಭಾವ ಕೂತರೆ ಇನ್ನೊಂದರಲ್ಲಿ ಅವನ ಹೆಂಡತಿ. ಪರದೆಯ ಆಚೆ ಬಾಮೈದನ ಬಣ್ಣದ ಕೆಲಸ. ಹೊಗಳಿಕೆಯೆಲ್ಲ ಆ ಕಡೆಗೇ.

ಇಲ್ಲಿ ಒಂದು ಹಳೆಯ ಸಂಗತಿ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಬಾಮೈದ ಕೆಲಸ ಕಲಿಯಲು ಬಂದದ್ದು ಭಾವನ ಹತ್ತಿರ, ಪರದೆಯ ಈಚೆಗೇ. ಕುಶನ್ ಕೆಲಸದಲ್ಲಿ ಮೊದಲ ಪಾಠ ಒಂದೇ. ಹಳೆಯ ತುಂಡನ್ನು ಹೊಸ ಬಟ್ಟೆಯ ಮೇಲಿಟ್ಟು ಗೀಟು ಎಳೆಯುವಾಗ ಬಟ್ಟೆಯ ಬೆನ್ನು ಮೇಲಿದ್ದರೆ ತುಂಡಿನ ಬೆನ್ನೂ ಮೇಲಿರಬೇಕು. ಮರೆತರೆ ಎಡಗಡೆಯದು ಬಲಗಡೆಗೆ ಹೋಗುತ್ತದೆ, ಬಟ್ಟೆ ದಂಡವಾಗುತ್ತದೆ. ಬಾಮೈದ ಮೂರನೆಯ ವಾರದಲ್ಲೇ ಒಂದು ಬಾಗಿಲಿನ ಹೊದಿಕೆಯನ್ನು ಉಲ್ಟಾ ಕತ್ತರಿಸಿದ. ಭಾವ ಅದನ್ನು ಬೀದಿಗೆ ಒಯ್ದು ಹತ್ತು ಜನರಿಗೆ ಹಿಡಿದು ತೋರಿಸಿ ನಕ್ಕ. "ನಿನ್ನ ಕೈಗೆ ಕತ್ತರಿ ಆಗಿಬರಲ್ಲ, ಹೋಗಿ ಬಣ್ಣ ಬಳಿ," ಎಂದು ಪರದೆಯ ಆಚೆ ಇದ್ದ ಮುದಿ ಪೇಂಟರ ಹತ್ತಿರ ಅಟ್ಟಿದ. ಅಂದಿನಿಂದ ಬಾಮೈದನ ಹೆಸರು ಉಲ್ಟಾ. ಉಲ್ಟಾ ಹೋಗಿ ಬಣ್ಣ ಬಳಿದ. ಎಂಥ ಬಣ್ಣ ಬಳಿದನೆಂದರೆ, ಮುದಿ ಪೇಂಟರು ಕೆಲಸ ಬಿಡುವಾಗ ತಮ್ಮ ಬಣ್ಣದ ಗನ್ನನ್ನು ಸ್ವಂತ ಮಗನಿಗೂ ಕೊಡದೆ ಇವನ ಕೈಗೆ ಕೊಟ್ಟು ಹೋದರು. ಓಡಿಸಿಕೊಂಡವನೇ ಹೋಗಿ ಸಿಂಹಾಸನದ ಮೇಲೆ ಕೂತರೆ ಓಡಿಸಿದವನಿಗೆ ನಿದ್ದೆ ಹೇಗೆ ಬರಬೇಕು?

ಇನ್ನೊಂದು ಮಾತು. ಭಾವನ ಬಾಯಲ್ಲಿ "ಚೆನ್ನಾಗಿದೆ" ಎಂಬ ಪದ ಬಂದದ್ದನ್ನು ಯಾರೂ ಕೇಳಿಲ್ಲ. ತೀರಾ ಮೆಚ್ಚಿದರೆ "ನಡಿಯುತ್ತೆ" ಎನ್ನುತ್ತಿದ್ದ, ಅದೇ ಅವನ ಬಿರುದು. ಮದುವೆಯ ದಿನ ತನ್ನನ್ನು ನೋಡಿಯೂ ಅಷ್ಟೇ ಹೇಳಿದ್ದ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಅವಳೂ ಏನು ಕಡಿಮೆಯವಳಲ್ಲ. ಗಂಡನ ಹೊಲಿಗೆಯನ್ನು ಎಳೆದು ನೋಡಿ, "ಬಿಚ್ಚಿಹೋಗಲ್ಲ ಬಿಡಿ," ಎನ್ನುತ್ತಾಳೆ. ತಮ್ಮನ ಬಣ್ಣವನ್ನು ನೋಡಿದರೆ ಮಾತ್ರ, "ಅಯ್ಯೋ, ನನ್ನ ತಮ್ಮನ ಕೈ ನೋಡ್ರೀ!" ಎಂದು ಕಣ್ಣರಳಿಸುತ್ತಾಳೆ. ಇಷ್ಟು ವರ್ಷ ಪಕ್ಕದ ಮಿಷನ್ನಿನಲ್ಲಿ ಕೂತವಳು ಒಂದು ಸಲವಾದರೂ ತನ್ನ ಕೈ ನೋಡಬಾರದಿತ್ತೇ ಎಂಬುದು ಭಾವನ ಎದೆಯೊಳಗಿನ ಮುಳ್ಳು. ಅವನು ಅದನ್ನು ಹೇಳಿದವನಲ್ಲ, ಅವಳು ಕೇಳಿದವಳಲ್ಲ.

ಇಂಥ ಶೆಡ್ಡಿಗೆ ಕಿವಿ ಡಾಕ್ಟರಮ್ಮನ ಕಾರು ಬಂತು. ನಲವತ್ತು ವರ್ಷ ಊರಿನವರ ಕಿವಿಯೊಳಗೆ ಇಣುಕಿ ನೋಡಿ ನಿವೃತ್ತರಾದವರು. ಕಾರು ಅವರ ತಂದೆಯದು, ಡಾಕ್ಟರಮ್ಮನಿಗಿಂತ ನಾಲ್ಕೇ ವರ್ಷ ಚಿಕ್ಕದು. ಎಂಜಿನ್ನಿನ ಕೆಲಸ ಬೇರೆ ಕಡೆ ಮುಗಿದಿತ್ತು. ಸೀಟುಗಳನ್ನೂ ಹಿಂದೊಮ್ಮೆ ಯಾರೋ ಗಟ್ಟಿಯಾಗಿ ಹೊಲಿದುಕೊಟ್ಟಿದ್ದರು. ಉಳಿದದ್ದು ಬಣ್ಣ, ಮತ್ತೆ ಡಿಕ್ಕಿಯ ಮುಚ್ಚಳದ ಒಳಗಡೆಯ ಹೊದಿಕೆ. ಅಂದರೆ ಇಡೀ ಕಾರು ಬಾಮೈದನಿಗೆ. ಭಾವನಿಗೆ ಮುಚ್ಚಿದರೆ ಕಾಣದ, ತೆರೆದರೆ ಯಾರೂ ತಲೆಯೆತ್ತಿ ನೋಡದ ಮೂರಡಿ ಅಗಲದ ಜಾಗ. ಈ ಭಾವ ಬಾಮೈದರ ಡಿಕ್ಕಿ ಆದದ್ದು ಆ ಡಿಕ್ಕಿಯಲ್ಲೇ.

ಡಾಕ್ಟರಮ್ಮ ಡಿಕ್ಕಿ ತೆರೆದು ಮುಚ್ಚಿದರು. ಢಣಾರ್ ಎಂದಿತು.

"ಕೇಳಿದ್ರಾ? ತಗಡಿನ ಡಬ್ಬ ಬಿದ್ದ ಹಾಗೆ. ನಮ್ಮಪ್ಪ ಮುಚ್ಚಿದರೆ ಹೀಗೆ ಆಗ್ತಿರಲಿಲ್ಲ. ಧಪ್ ಅಂತಿತ್ತು, ಅಷ್ಟೇ. ಒಳಗೆ ಪಾಠ ಓದ್ತಾ ಕೂತಿರ್ತಿದ್ದೆ, ಆ ಸದ್ದು ಕೇಳಿದರೆ ಅಪ್ಪ ಬಂದ್ರು ಅಂತ ಲೆಕ್ಕ. ನನಗೆ ಆ ಸದ್ದು ಬೇಕು."

"ನಡಿಯುತ್ತೆ ಮೇಡಂ," ಎಂದ ಭಾವ. ಆದರೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಯಾಕೆಂದರೆ ಡಾಕ್ಟರಮ್ಮ ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದ್ದರು. ಭಾನುವಾರ ಮೈದಾನದಲ್ಲಿ ಹಳೆ ಕಾರುಗಳ ಪ್ರದರ್ಶನ. ಕಾರಿನ ಜೊತೆ ಹಗ್ಗದ ಒಳಗೆ ಒಡೆಯರನ್ನು ಬಿಟ್ಟರೆ ಕೆಲಸ ಮಾಡಿದವರಲ್ಲಿ ಒಬ್ಬರೇ ನಿಲ್ಲಬಹುದು, ಜನ ಕೇಳಿದ್ದಕ್ಕೆ ಉತ್ತರ ಹೇಳುವುದಕ್ಕೆ. "ನಿಮ್ಮಿಬ್ಬರಲ್ಲಿ ಯಾರು ಅಂತ ಕೆಲಸ ಮುಗಿದ ಮೇಲೆ ಹೇಳ್ತೀನಿ," ಎಂದರು.

ಭಾವನಿಗೆ ಆ ಜಾಗ ಬೇಕಾಯಿತು. ಎಷ್ಟು ಬೇಕಾಯಿತೆಂದರೆ ಅನ್ನ ಸೇರಲಿಲ್ಲ. ಹಗ್ಗದ ಒಳಗೆ ತಾನು, ಹಗ್ಗದ ಹೊರಗೆ ಇಡೀ ಊರು, ಊರಿನ ನಡುವೆ ಹೆಂಡತಿ. ಅವಳು ನೋಡಬೇಕು. ಜನ "ಇದನ್ನ ಮಾಡಿದ್ದು ಯಾರು?" ಎಂದು ಕೇಳಬೇಕು, ತಾನು "ನಾನೇ" ಎನ್ನಬೇಕು. ಮಾಡಿದ್ದು ಏನು ಎಂದರೆ ಡಿಕ್ಕಿಯ ಒಳ ಹೊದಿಕೆ, ಅದು ಬೇರೆ ವಿಷಯ. ಮುಚ್ಚಳವನ್ನು ದಿನವಿಡೀ ಮೇಲೆತ್ತಿಯೇ ನಿಲ್ಲಿಸಿದರಾಯಿತು ಎಂದು ಅವನು ಉಪಾಯವನ್ನೂ ಹುಡುಕಿಕೊಂಡಿದ್ದ. ಎತ್ತಿದರೆ ಹೊದಿಕೆ ಜನರ ಮುಖಕ್ಕೆ ಬರುತ್ತದೆ, ಬಾಮೈದನ ಬಣ್ಣ ಆಕಾಶ ನೋಡುತ್ತದೆ. ಆ ಯೋಚನೆಯೇ ಎಷ್ಟು ಹಿತವಾಗಿತ್ತೆಂದರೆ ಒಬ್ಬನೇ ನಕ್ಕ.

ಹಳೆಯ ಹೊದಿಕೆಯನ್ನು ಬಿಚ್ಚಿದಾಗ ಅರ್ಧ ಕೈಗೆ ಬಂತು, ಅರ್ಧ ಮುಖಕ್ಕೆ ಉದುರಿತು. ಸೆಣಬಿನ ನಾರು ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗಿ ಪುಡಿಯಾಗಿತ್ತು. ಒಂದು ಮೂಲೆಯಲ್ಲಿ ಇಲಿ ಸಂಸಾರ ಹೂಡಿ ಬಿಟ್ಟುಹೋದ ಗುರುತು. ಹದಿನಾಲ್ಕು ಕ್ಲಿಪ್ಪುಗಳಲ್ಲಿ ಒಂಬತ್ತು ಮುರಿದಿದ್ದವು. ನೀರು ಹಿಡಿದಿಟ್ಟುಕೊಂಡಿದ್ದ ನಾರಿನ ಕೆಳಗೆ ತಗಡು ತುಕ್ಕು ಹಿಡಿದು ಹೊಪ್ಪಳೆ ಎದ್ದಿತ್ತು. ಬಾಮೈದ ಬಂದು ಆ ತುಕ್ಕಿನ ಮೇಲೆ ಬೆರಳಾಡಿಸಿ, "ಇದನ್ನ ನನಗೆ ಬಿಡಿ ಭಾವ," ಎಂದು ಮುಚ್ಚಳವನ್ನು ಬಿಚ್ಚಿಕೊಂಡು ಪರದೆಯ ಆಚೆ ಹೋದ.

ಮೇಲಿನ ಬಟ್ಟೆ ಮಾತ್ರ ಇನ್ನೂ ಆಕಾರ ಉಳಿಸಿಕೊಂಡಿತ್ತು: ನಡುವೆ ಬೀಗಕ್ಕೆ ಜಾಗ, ಎಡಗಡೆ ಡಿಕ್ಕಿಯ ದೀಪಕ್ಕೆ ಒಂದು ತೂತು. ಭಾವ ಹೊಸ ಬೂದು ಬಟ್ಟೆಯನ್ನು ಬೆನ್ನು ಮೇಲಾಗಿ ಹಲಗೆಯ ಮೇಲೆ ಹರಡಿದ, ಹಳೆಯದನ್ನು ಅದರ ಮೇಲಿಟ್ಟ, ಸೀಮೆಸುಣ್ಣ ತೆಗೆದ. ಅದೇ ಹೊತ್ತಿಗೆ ಹೆಂಡತಿ ಚಹಾ ತಂದಳು. ಎರಡು ಲೋಟ. ಗಂಡನನ್ನು ದಾಟಿಕೊಂಡು ಪರದೆ ಸರಿಸಿ ಮೊದಲು ತಮ್ಮನಿಗೆ ಕೊಟ್ಟಳು. ಆಚೆಯಿಂದ ಅವಳ ಧ್ವನಿ ಕೇಳಿಸಿತು: "ಅಯ್ಯೋ! ಶಾಯಿ ನೀಲಿ ಅಂದ್ರೆ ಇದು ಕಣೋ! ಕೈ ಅದ್ದಿದರೆ ಕೈಗೆ ಅಂಟುತ್ತೇನೋ ಅನಿಸುತ್ತೆ!" ಇಬ್ಬರೂ ನಕ್ಕರು. ಏನು ಅಷ್ಟು ನಗುವಂಥದ್ದು? ಭಾವ ಕಿವಿಯನ್ನು ಆ ಕಡೆಗೂ ಕೈಯನ್ನು ಈ ಕಡೆಗೂ ಇಟ್ಟುಕೊಂಡು ಗೀಟೆಳೆದ, ಕತ್ತರಿ ಹಾಕಿದ. ಚಹಾ ಅವನ ಹತ್ತಿರ ಬರುವ ಹೊತ್ತಿಗೆ ಆರಿತ್ತು.

ಆಮೇಲೆ ಎರಡು ದಿನ ತಲೆಯೆತ್ತದೆ ಕೆಲಸ ಮಾಡಿದ. ಕೈ ಮಾತ್ರ ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಲೇಬೇಕು. ನೀರು ಕುಡಿಯದ ತೆಳು ಹಲಗೆ, ಅದರ ಬೆನ್ನಿಗೆ ಎರಡು ಪದರ ಸೆಣಬಿನ ಚಾಪೆ, ಮುಂದುಗಡೆ ಬೂದು ಬಟ್ಟೆ, ಅಂಚಿಗೆ ಜೋಡಿ ಹೊಲಿಗೆ. ಚಾಪೆಯನ್ನು ಎಲ್ಲಿ ತಗಡು ಹೆಚ್ಚು ನಡುಗುತ್ತದೋ ಅಲ್ಲಿ ದಪ್ಪವಾಗಿ, ಅಂಚಿಗೆ ಬಂದಂತೆ ತೆಳ್ಳಗೆ ಮಾಡಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ನೋಡುವವರೂ ಇರಲಿಲ್ಲ. ಹೆಂಡತಿ ಅಂಚನ್ನು ಎಳೆದು ನೋಡಿ, "ಬಿಚ್ಚಿಹೋಗಲ್ಲ ಬಿಡಿ," ಎಂದಳು.

ಶನಿವಾರ ಬೆಳಿಗ್ಗೆ ಕಾರನ್ನು ಪರದೆಯ ಈಚೆಗೆ ತಳ್ಳಿ ತಂದರು. ಮುಚ್ಚಳ ಅದರ ಜಾಗಕ್ಕೆ ಬಂದಿತ್ತು. ಭಾವ ಕಾರನ್ನು ಒಂದು ಸುತ್ತು ಹಾಕಿ ನೋಡಿದ. ತಪ್ಪು ಹುಡುಕಿದ. ಬೆಳಕಿಗೆ ಬಗ್ಗಿ ನೋಡಿದ, ಮಂಡಿಯೂರಿ ನೋಡಿದ. ಒಂದು ಕೂದಲೆಳೆಯಷ್ಟು ದೋಷ ಸಿಕ್ಕಿದ್ದರೂ ಆ ದಿನ ಅವನು ಒಳ್ಳೆಯ ಮನುಷ್ಯನಾಗಿಯೇ ಉಳಿಯುತ್ತಿದ್ದ. ಸಿಗಲಿಲ್ಲ.

"ಹೇಗಿದೆ ಭಾವ?" ಎಂದ ಬಾಮೈದ. ಅವನು ಪ್ರತಿ ಗಾಡಿ ಮುಗಿದಾಗಲೂ ಹೀಗೆ ಕೇಳುತ್ತಿದ್ದ.

"ಹೂಂ," ಎಂದ ಭಾವ. ನಡಿಯುತ್ತೆ ಎಂದು ಕೂಡ ಅನ್ನಲಿಲ್ಲ. ಬಾಮೈದ ಸ್ವಲ್ಪ ಹೊತ್ತು ನಿಂತು, ಹಿಂದಿನ ನಲ್ಲಿಗೆ ಕೈ ತೊಳೆಯಲು ಹೋದ. ಹೆಂಡತಿ ದಾರ ತರಲು ಅಂಗಡಿಗೆ ಹೋಗಿದ್ದಳು.

ಶೆಡ್ಡಿನಲ್ಲಿ ಭಾವ ಒಬ್ಬನೇ. ಹಲಗೆಯ ಕೆಳಗೆ ಗಟ್ಟಿ ಅಂಟಿನ ಡಬ್ಬಿ.

ಆ ಅಂಟಿನ ಗುಣ ಭಾವನಿಗೆ ಚೆನ್ನಾಗಿ ಗೊತ್ತಿತ್ತು. ಬಾಮೈದ ಕಲಿಯಲು ಬಂದಿದ್ದ ಕಾಲದಲ್ಲೇ ಒಂದು ಕಾರಿನ ಚಾವಣಿಗೆ ಒಳಗಿನಿಂದ ಚಾಪೆ ಅಂಟಿಸುವಾಗ ಭಾವನೇ ದಪ್ಪ ದಪ್ಪ ಮುದ್ದೆ ಹಾಕಿಬಿಟ್ಟಿದ್ದ. ಅಂಟು ಒಣಗುತ್ತಾ ಕುಗ್ಗಿತು, ಕುಗ್ಗುತ್ತಾ ತೆಳು ತಗಡನ್ನು ಒಳಕ್ಕೆ ಎಳೆಯಿತು. ಒಂದು ದಿನದಲ್ಲಿ ಚಾವಣಿಯ ಹೊರಮೈ ತುಂಬ ಕುಳಿ. ಮುಟ್ಟಿದರೆ ಸಿಗದು, ಬೆಳಕಿಗೆ ಹಿಡಿದರೆ ಎದ್ದು ಕಾಣುವುದು. ನೋಡಿದವರೆಲ್ಲ ಬಣ್ಣದವನನ್ನೇ ಬೈದರು. "ನೋಡ್ಕೋ, ತಗಡಿಗೆ ಯಾವತ್ತೂ ಮುದ್ದೆ ಅಂಟು ಹಾಕಬಾರದು," ಎಂದು ಭಾವ ಅಂದು ಬಾಮೈದನಿಗೆ ಪಾಠ ಹೇಳಿದ್ದ. ಈಗ ಆ ಪಾಠ ತಾನಾಗಿ ನೆನಪಿಗೆ ಬಂತು. ಮುಚ್ಚಳದ ಒಳಗೆ ಐದು ಮುದ್ದೆ. ಮೇಲೆ ಹೊದಿಕೆ. ನಾಳೆ ಬಿಸಿಲಿಗೆ ಕನ್ನಡಿಯಲ್ಲಿ ಐದು ಕುಳಿ. ಯಾರಿಗೆ ಗೊತ್ತಾಗುತ್ತದೆ?

ಕಡ್ಡಿಯ ತುದಿಗೆ ಅಡಿಕೆ ಗಾತ್ರದ ಅಂಟು ತೆಗೆದುಕೊಂಡು ಮುಚ್ಚಳ ಎತ್ತಿದ. ಎತ್ತಿದವನು ಹಾಗೇ ನಿಂತ. ಒಳಗಡೆ ಯಾರೂ ಬಣ್ಣ ಹೊಡೆಯುವುದಿಲ್ಲ. ತುಕ್ಕು ಹಿಡಿಯದ ಹಾಗೆ ಒಂದು ಕೈ ಬಳಿದು ಬಿಡುತ್ತಾರೆ. ಇಲ್ಲಿ ಶಾಯಿ ನೀಲಿ ಥಳಥಳ ಎನ್ನುತ್ತಿತ್ತು. ಮೂಲೆ ಮೂಲೆಗೂ ಉಜ್ಜಿ ಪಾಲಿಶ್ ಮಾಡಿತ್ತು. ಅದರಲ್ಲಿ ಭಾವನ ಮುಖ ಕಾಣುತ್ತಿತ್ತು, ಕೈಯಲ್ಲಿನ ಕಡ್ಡಿ ಕೂಡ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಾಚಿಕೆಯಾಗಿ ಡಬ್ಬಿ ಮುಚ್ಚುತ್ತಿದ್ದರೇನೋ. ಭಾವನ ಮೈಯೆಲ್ಲ ಉರಿದುಹೋಯಿತು. ಹೊರಗಿನದೆಲ್ಲ ಅವನದಾಯಿತು, ಒಳಗಿನ ಈ ಮೂರಡಿಯೊಂದು ನನ್ನದಾಗಿತ್ತು, ಇಲ್ಲಿಗೂ ಬಂದನೇ! ಆ ಸಿಟ್ಟಿನಲ್ಲೇ ಮೊದಲ ಮುದ್ದೆಯನ್ನು ನಟ್ಟ ನಡುವೆ, ತನ್ನದೇ ಮುಖದ ಮೇಲೆ ಒತ್ತಿದ.

ಎರಡನೆಯದಕ್ಕೆ ಮುಂಚೆ ಹೊದಿಕೆ ಸರಿಯಾಗಿ ಮುಚ್ಚುತ್ತದೆಯೇ ನೋಡೋಣ ಎಂದು ಅದನ್ನು ಎತ್ತಿ ಹಿಡಿದ. ಬೀಗದ ಜಾಗ ಸರಿಯಾಗಿ ಕೂತಿತು. ದೀಪ ಮಾತ್ರ ಕಾಣಲಿಲ್ಲ. ದೀಪ ಎಡಗಡೆ ಹೊದಿಕೆಯ ಹಿಂದೆ ಅಡಗಿತ್ತು. ದೀಪಕ್ಕೆಂದು ಅಚ್ಚುಕಟ್ಟಾಗಿ ಜೋಡಿ ಹೊಲಿಗೆ ಹಾಕಿದ ತೂತು ಬಲಗಡೆ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು.

ಉಲ್ಟಾ.

ಭಾವ ಇಪ್ಪತ್ತೆರಡು ವರ್ಷ ಒಬ್ಬನನ್ನು ಯಾವ ಹೆಸರಿನಿಂದ ಕರೆದನೋ ಆ ಹೆಸರು ತನ್ನ ಕೈಯಲ್ಲೇ ನೇತಾಡುತ್ತಿತ್ತು. ಹಿಂದೆ ನಲ್ಲಿ ನಿಂತಿತು. ಹೆಜ್ಜೆ ಸದ್ದು. ಹೊದಿಕೆಯನ್ನು ಹಲಗೆಯ ಮೇಲೆ ಎಸೆದು, ಅಂಟನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದ, ಅಂಗಿಯ ತುದಿಯಿಂದ ಉಜ್ಜಿದ. ಅಂಟು ಬಂತು. ಆದರೆ ಹಸಿ ಬಣ್ಣದ ಹೊಳಪನ್ನೂ ಕಿತ್ತುಕೊಂಡು ಬಂತು. ಮುಚ್ಚಳದ ನಡುವೆ ನಾಣ್ಯದಷ್ಟು ಅಗಲದ ಮಂಕು ಕಲೆ ಉಳಿಯಿತು.

ಬಾಮೈದ ಕೈ ಒರೆಸಿಕೊಳ್ಳುತ್ತಾ ಬಂದವನು ಮೊದಲು ನೋಡಿದ್ದು ಹಲಗೆಯ ಮೇಲಿನ ಹೊದಿಕೆಯನ್ನು. ಅದನ್ನು ಎತ್ತಿದ, ಮುಚ್ಚಳದ ಕಡೆ ನೋಡಿದ, ಮತ್ತೆ ಹೊದಿಕೆ ನೋಡಿದ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ತಪ್ಪನ್ನು ಅವನು ಮರೆಯುವುದುಂಟೇ! ಭಾವ ಬೀದಿಯ ಕಡೆ ನೋಡಿದ. ಇನ್ನು ಇವನು ನಗುತ್ತಾನೆ. ಬೀದಿಗೆ ಒಯ್ಯುತ್ತಾನೆ. ಅಕ್ಕನನ್ನು ಕೂಗುತ್ತಾನೆ. ನ್ಯಾಯವಾಗಿ ನೋಡಿದರೆ ಒಯ್ಯಲೇಬೇಕು.

"ಭಾವ," ಎಂದ ಬಾಮೈದ ಮೆಲ್ಲಗೆ, "ಬಟ್ಟೆ ಉಳಿದಿದೆಯಾ?"

ಉತ್ತರ ಬಾಗಿಲ ಕಡೆಯಿಂದ ಬಂತು. ಹೆಂಡತಿ ದಾರದ ಉಂಡೆ ಹಿಡಿದು ನಿಂತಿದ್ದಳು.

"ಇದೆ. ಮೇಲಿನ ಅಟ್ಟದಲ್ಲಿ ಅಷ್ಟೇ ಇನ್ನೊಂದು ತುಂಡು ಇಟ್ಟಿದ್ದೀನಿ."

"ಯಾಕೆ?" ಎಂದ ಭಾವ.

"ಯಾಕೆ ಅಂದ್ರೆ? ನಿಮಗೆ ಹೊಟ್ಟೆ ಉರಿ ಬಂದಾಗಲೆಲ್ಲ ನೀವು ಎರಡೆರಡು ಸಲ ಕತ್ತರಿಸ್ತೀರಿ. ಇವನು ದೊಡ್ಡ ಗಾಡಿ ಹಿಡಿದರೆ ನಾನು ಬಟ್ಟೆ ಜಾಸ್ತಿನೇ ತರೋದು. ಇವತ್ತಿನದಾ ಇದು?"

ತನ್ನ ಹೊಟ್ಟೆಯೊಳಗಿನ ಬೆಂಕಿ ಹೆಂಡತಿಯ ಸಾಮಾನಿನ ಪಟ್ಟಿಯಲ್ಲಿ ವರ್ಷಗಟ್ಟಲೆಯಿಂದ ಇತ್ತು ಎಂದು ಭಾವನಿಗೆ ಗೊತ್ತಾದದ್ದು ಹೀಗೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಸಿಮೆಂಟಿನದು.

ಹೊಸ ತುಂಡನ್ನು ಹಲಗೆಯ ಮೇಲೆ ಹರಡಿದರು. ಬಾಮೈದ ತಾನಾಗಿ ಬಂದು ಹಳೆಯದನ್ನು ಅದರ ಮೇಲಿಟ್ಟು ಎರಡೂ ಕೈಯಿಂದ ಅಮುಕಿ ಹಿಡಿದ. "ಬೆನ್ನಿನ ಮೇಲೆ ಬೆನ್ನು, ಅಲ್ವಾ ಭಾವ?" ಎಂದ. ಕುಹಕ ಇತ್ತೇ ಎಂದು ಭಾವ ಅವನ ಮುಖ ನೋಡಿದ. ಇರಲಿಲ್ಲ. ಅದು ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಭಾವ ಗೀಟೆಳೆದ, ಕತ್ತರಿಸಿದ. ಹೆಂಡತಿ ಹೊಲಿದಳು. ಮಧ್ಯಾಹ್ನ ದಾಟುವ ಹೊತ್ತಿಗೆ ಹೊಸ ಹೊದಿಕೆ ಸಿದ್ಧವಾಯಿತು, ತೂತು ಎಡಗಡೆಗೇ ಇತ್ತು.

ಅವಳು ಊಟಕ್ಕೆ ಇಡಲು ಮನೆಗೆ ಹೋದಳು. ಭಾವ ಬಾಮೈದ ಇಬ್ಬರೂ ಮುಚ್ಚಳದ ಕೆಳಗೆ ಬಗ್ಗಿ ನಿಂತರು, ಒಬ್ಬ ಹೊದಿಕೆ ಹಿಡಿದುಕೊಳ್ಳಲು, ಒಬ್ಬ ಕ್ಲಿಪ್ಪು ಒತ್ತಲು. ಭಾವನಿಗೆ ತಡೆಯಲಾಗಲಿಲ್ಲ.

"ಒಳಗೆ ಯಾಕೋ ಇಷ್ಟೊಂದು ಪಾಲಿಶ್ ಮಾಡಿದೆ? ಮುಚ್ಚಿ ಹೋಗುತ್ತೆ, ಯಾರು ನೋಡ್ತಾರೆ?"

"ನೀವು ನೋಡ್ತೀರಲ್ಲ ಭಾವ."

ಬಾಮೈದ ಒಂದು ಕ್ಲಿಪ್ಪು ಕೈಗೆತ್ತಿಕೊಂಡ. ಆಮೇಲೆ, ಹೇಳಲೋ ಬೇಡವೋ ಎನ್ನುವ ಹಾಗೆ, "ಹೊರಗಡೆದು ಎಲ್ಲರೂ ನೋಡ್ತಾರೆ. ಎಲ್ಲರೂ ಕನ್ನಡಿ ಅಂತಾರೆ, ತಲೆ ಬಾಚ್ಕೊಂಡು ಹೋಗ್ತಾರೆ. ನೀವು ಒಂದು ಸಲನೂ ಏನೂ ಅನ್ನಲಿಲ್ಲ. ಒಳಗಡೆಗೆ ಹೊಡೆದರೆ ನೀವು ಒಬ್ಬರೇ ನೋಡೋದು, ಆಗಲಾದರೂ ಏನಾದರೂ ಅಂತೀರೇನೋ ಅಂತ..." ಎನ್ನುತ್ತಾ ಮೇಲೆ ನೋಡಿದವನ ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ನಡುವಿನ ಕಲೆಯ ಮೇಲೆ ಬಿದ್ದಿತ್ತು. ಬೆರಳಿಟ್ಟ. ಬೆರಳಿನ ತುದಿಗೆ ಅಂಟಿನ ಒಂದು ನೂಲು ಹತ್ತಿತು.

"ಇದೇನು ಭಾವ?"

"ಅಂಟು ಚೆಲ್ತು."

ಮೇಲಕ್ಕೆ ಚೆಲ್ಲುವ ಅಂಟನ್ನು ಯಾರು ಕಂಡಿದ್ದಾರೆ? ಕ್ಲಿಪ್ಪಿನ ಹೊದಿಕೆಗೆ ಅಂಟು ಯಾಕೆ ಬೇಕು? ಇವೆರಡನ್ನೂ ಬಾಮೈದ ಕೇಳಲಿಲ್ಲ. ಚಾವಣಿಯ ಕುಳಿಗಳನ್ನು ಅವನೂ ಕಂಡವನು. ಪಾಠ ಹೇಳಿಸಿಕೊಂಡವನೇ ಅವನು. ಕೈಯಲ್ಲಿ ಹೊದಿಕೆ ಹಿಡಿದು ಅಲುಗಾಡದೆ ನಿಂತ ಭಾವನಿಗೆ ಅವನ ಉಸಿರು ಕೇಳಿಸುತ್ತಿತ್ತು. ಕೊನೆಗೆ ಬಾಮೈದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮುಚ್ಚಿಹೋಗುತ್ತೆ ಬಿಡಿ," ಎಂದು ಮೊದಲ ಕ್ಲಿಪ್ಪನ್ನು ಒತ್ತಿದ. ಆಮೇಲೆ ಎರಡನೆಯದನ್ನು. ಹೀಗೆ ಹದಿನಾಲ್ಕೂ ಆದವು. ಒಬ್ಬನ ಹೊಟ್ಟೆಯಲ್ಲಿ ಕಿಚ್ಚಿತ್ತು, ಇನ್ನೊಬ್ಬ ಅದನ್ನೇ ಹೊಟ್ಟೆಗೆ ಹಾಕಿಕೊಂಡ.

ಸಂಜೆ ಡಾಕ್ಟರಮ್ಮ ಬಂದರು. ಕಾರನ್ನು ನೋಡಿ ಬಾಗಿಲ ಮೇಲೆ ಕೈಯಾಡಿಸಿದರು. ಆಮೇಲೆ ತಿರುಗಿದ್ದು ಬಾಮೈದನ ಕಡೆಗೆ, ಬೇರೆ ಇನ್ನೆಲ್ಲಿಗೆ ತಿರುಗುತ್ತಾರೆ! "ನಾಳೆ ನೀವೇ..." ಎಂದು ಶುರು ಮಾಡಿದರು.

"ನಾನು ಮಾತಾಡೋನಲ್ಲ ಮೇಡಂ," ಎಂದ ಬಾಮೈದ. "ಭಾವ ಬರ್ತಾರೆ. ಕೆಲಸ ಕಲಿಸಿದೋರು ಅವರೇ."

ಭಾವ ಬಯಸಿದ್ದು ಸಿಕ್ಕಿತು. ಭಿಕ್ಷೆಯ ಹಾಗೆ ಸಿಕ್ಕಿತು. ಇಷ್ಟು ದಿನ ಬಾಮೈದನ ಕೈಯನ್ನು ಕಂಡು ಉರಿದಿದ್ದವನು ಅಂದು ಅವನ ಮನಸ್ಸನ್ನು ಕಂಡೂ ಉರಿದ. ಬಣ್ಣದಲ್ಲಿ ಸೋಲಿಸಿದ್ದು ಸಾಲದೇ, ಒಳ್ಳೆಯತನದಲ್ಲೂ ಸೋಲಿಸಬೇಕೇ ಇವನು?

ಭಾನುವಾರ ಮೈದಾನದಲ್ಲಿ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಗ್ಗದ ಒಳಗೆ ನಿಂತ. ಡಿಕ್ಕಿಯ ಮುಚ್ಚಳವನ್ನು ಎತ್ತಿ ನಿಲ್ಲಿಸಿದ್ದ. ಜನ ಬಂದರು. ಬಂದವರೆಲ್ಲ ಬಾಗಿಲಿನ ಹತ್ತಿರ ನಿಂತು, "ಅಬ್ಬಾ! ಬಣ್ಣ ಯಾರು ಹೊಡೆದಿದ್ದು?" ಎಂದರು.

"ನನ್ನ ಬಾಮೈದ."

"ನೀವಲ್ವಾ?"

"ನನ್ನ ಬಾಮೈದ ಅಂದೆನಲ್ಲ."

ಹತ್ತು ಗಂಟೆಗೆ ಶುರುವಾದದ್ದು ಹನ್ನೆರಡಾದರೂ ನಿಲ್ಲಲಿಲ್ಲ. ನನ್ನ ಬಾಮೈದ. ಹೌದು, ನನ್ನ ಬಾಮೈದ. ಅಲ್ಲ, ನಾನಲ್ಲ, ಬಾಮೈದ. ಊರು ಬಾಮೈದನನ್ನು ಹೊಗಳುವುದನ್ನು ಎದುರು ನಿಂತು ಕೇಳಿಸಿಕೊಳ್ಳುವುದಕ್ಕೆಂದೇ ಹಗ್ಗದೊಳಗೆ ಒಂದೇ ಒಂದು ಜಾಗವಿತ್ತು, ಅದಕ್ಕಾಗಿ ಅವನು ಅನ್ನ ಬಿಟ್ಟಿದ್ದ. ಹಗ್ಗದ ಹೊರಗೆ ಅಕ್ಕ ತಮ್ಮ ಇಬ್ಬರೂ ಕಡಲೆಕಾಯಿ ತಿನ್ನುತ್ತಾ ನಿಂತಿದ್ದರು. ಒಬ್ಬ ದಪ್ಪ ಮನುಷ್ಯ ಹಿಂದುಗಡೆಗೆ ಬಂದ. ಭಾವನ ಮುಖ ಅರಳಿತು. ಆ ಮನುಷ್ಯ ಹೊದಿಕೆಯ ಕೆಳಗೆ ಬಗ್ಗಿ, ಅದರ ಕಡೆ ಕಣ್ಣೆತ್ತಿಯೂ ನೋಡದೆ, "ಸ್ವಲ್ಪ ಇದನ್ನ ಮುಚ್ಚಿ ಸ್ವಾಮಿ, ಬಣ್ಣ ಪೂರ್ತಿ ಕಾಣಲಿ," ಎಂದ.

ಭಾವನ ತಾಳ್ಮೆ ಮುಗಿಯಿತು. ಮುಚ್ಚಳವನ್ನು ಎರಡೂ ಕೈಯಿಂದ ಹಿಡಿದು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬಡಿದ.

ಧಪ್.

ಅಷ್ಟೇ. ಆ ಬಡಿತಕ್ಕೆ ಮೈದಾನವೇ ನಡುಗಬೇಕಿತ್ತು. ಸಿಟ್ಟೆಲ್ಲ ಒಳಗೆ ಸೆಣಬಿನೊಳಗೆ ಇಂಗಿಹೋಗಿ, ಹೊರಗೆ ಬಂದದ್ದು ಮೆತ್ತನೆಯ, ತುಂಬಿದ ಒಂದು ಸದ್ದು. ಪಕ್ಕದ ಕಾರಿನ ಒಡೆಯ ತಿರುಗಿ ನೋಡಿದ. ಮುಂದುಗಡೆ ಯಾರೊಂದಿಗೋ ಮಾತಾಡುತ್ತಿದ್ದ ಡಾಕ್ಟರಮ್ಮ ಅರ್ಧಕ್ಕೇ ಮಾತು ನಿಲ್ಲಿಸಿ ಬಂದರು.

"ಇನ್ನೊಂದು ಸಲ ಮುಚ್ಚಿ."

ಭಾವ ತೆರೆದು ಮುಚ್ಚಿದ. ಧಪ್. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೊಂದು ಸಲ." ಧಪ್. ಅವರ ಕಣ್ಣಿನಿಂದ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. "ಅಪ್ಪ ಬಂದರು," ಎಂದರು, ಯಾರಿಗೂ ಅಲ್ಲ.

ಜನ ಈಗ ಹಿಂದುಗಡೆಗೆ ಸೇರಿದರು. ಬೇರೆ ಕಾರುಗಳವರು ತಮ್ಮ ತಮ್ಮ ಡಿಕ್ಕಿ ಮುಚ್ಚಿ ನೋಡಿದರು. ಢಣ್, ಢಣ್, ಢಣಾರ್. ಎಲ್ಲರೂ ನಕ್ಕು ಮತ್ತೆ ಭಾವನ ಕಡೆ ತಿರುಗಿದರು. ದಪ್ಪ ಮನುಷ್ಯ ಕೇಳಿದ, "ಒಳಗೆ ಅಂಥದ್ದು ಏನಿಟ್ಟಿದ್ದೀರಿ?"

ಇದೇ ಆ ಗಳಿಗೆ. ಚಾಪೆ ಎರಡು ಪದರ, ನಡುವೆ ದಪ್ಪ, ಅಂಚಿಗೆ ತೆಳು, ಜೋಡಿ ಹೊಲಿಗೆ. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಷ್ಟು ವರ್ಷ ಕಾದಿದ್ದ ಮಾತುಗಳು. ಭಾವ ಬಾಯಿ ತೆರೆದ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ನೀಲಿ ಇತ್ತು.

"ಒಳಗೆ ನನ್ನ ಬಾಮೈದನ ಬಣ್ಣ ಇದೆ," ಎಂದ. "ನಿಮಗೆ ಕಾಣಲ್ಲ. ನಾನು ಮುಚ್ಚಿಬಿಟ್ಟಿದ್ದೀನಿ. ಹೊರಗಡೆದಕ್ಕಿಂತ ಚೆನ್ನಾಗಿದೆ."

ಹಗ್ಗದ ಹೊರಗೆ ಬಾಮೈದನ ಕೈಯಲ್ಲಿನ ಕಡಲೆಕಾಯಿ ಪೊಟ್ಟಣ ಓರೆಯಾಗಿ ಕಾಯಿಯೆಲ್ಲ ನೆಲಕ್ಕೆ ಸುರಿಯಿತು. ಅವನು ಅದನ್ನು ಆರಿಸುವ ನೆಪದಲ್ಲಿ ಕೆಳಗೆ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಹೆಂಡತಿ ತಮ್ಮನ ಬೆನ್ನಿನ ಮೇಲೆ ಕೈಯಿಟ್ಟು, ಆಮೇಲೆ ಗಂಡನ ಕಡೆ ನೋಡಿದಳು. ಮದುವೆಯ ದಿನವೂ ಕೇಳದ ಮಾತನ್ನು ಬೇರೆಯವನ ಪಾಲಿಗೆ ಬಿದ್ದಾಗ ಕೇಳಿಸಿಕೊಂಡ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ. "ಕೈ ನೋಡು ಇವರದು," ಎಂದಳು, ಪಕ್ಕದಲ್ಲಿದ್ದ ಯಾರಿಗೋ.

ಭಾವನಿಗೆ ಅದು ಕೇಳಿಸಿತು. ಆದರೆ ಅವಳು ಮೊದಲು ತಮ್ಮನ ಬೆನ್ನು ಮುಟ್ಟಿ ಆಮೇಲೆ ತನ್ನ ಕಡೆ ನೋಡಿದ್ದನ್ನೂ ಅವನು ನೋಡಿದ್ದ.